ಎರಡು ಸೀಟಿ

ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ನಮ್ಮ ಬಸ್ಸಿನ ಕಾನೂನು ಇಷ್ಟೇ. ಓಡಿಸುವವರು ನನ್ನ ಅಕ್ಕನ ಗಂಡ, ಟಿಕೆಟ್ ಕೊಡುವವಳು ನಾನು. ಮನೆಯಲ್ಲಿ ಯಾರ ಮಾತಿಗೂ ಸೊಪ್ಪು ಹಾಕದ ಭಾವ ಬಸ್ಸಿನಲ್ಲಿ ಮಾತ್ರ ನನ್ನ ಸೀಟಿಗೆ ತಲೆಬಾಗುತ್ತಾರೆ. "ನಾದಿನಿ ಊದಿದಂಗೆ ಕುಣಿಯೋ ಹಣೆಬರಹ ನಂದು" ಎಂದು ಪ್ರಯಾಣಿಕರ ಮುಂದೆ ನಗುತ್ತಾರೆ.

ಅಂದು ಬೆಳಿಗ್ಗೆ ಮಾರುಕಟ್ಟೆಯ ಹತ್ತಿರ ಒಂದು ಸೀಟಿ ಊದಿದೆ. ಬಸ್ಸು ನಿಲ್ಲಲಿಲ್ಲ.

ಬಾಗಿಲಲ್ಲಿ ನಿಂತಿದ್ದವರು ನನ್ನನ್ನೇ ಬೈದರು. ಮತ್ತೆ ಊದಿದೆ. ಬಸ್ಸು ಸೇತುವೆ ದಾಟಿ ಇಳಿಜಾರಿಗೆ ಬಿತ್ತು, ಮೆಲ್ಲಗೆ ಬಲಕ್ಕೆ ಸರಿಯತೊಡಗಿತು. ಎದುರಿಗೆ ಲಾರಿ ಬರುತ್ತಿತ್ತು. ಜನರನ್ನು ತಳ್ಳಿಕೊಂಡು ಮುಂದಕ್ಕೆ ನುಗ್ಗಿದೆ. ಭಾವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಕೈ ನಡುಗುತ್ತಿತ್ತು. ಕಣ್ಣು ರಸ್ತೆಯ ಮೇಲಿದ್ದರೂ ಏನನ್ನೂ ನೋಡುತ್ತಿರಲಿಲ್ಲ.

"ಭಾವ, ಎಡಕ್ಕೆ ತಗೊಳ್ಳಿ."

"ಯಾವ ಸ್ಟಾಪು?"

ನಾನೇ ಸ್ಟೀರಿಂಗಿಗೆ ಕೈ ಹಾಕಿ ಎಳೆದೆ. ಲಾರಿ ಹಾರ್ನ್ ಬಡಿಯುತ್ತಾ ಪಕ್ಕದಲ್ಲೇ ಹಾದುಹೋಯಿತು. ಅವರ ಕಿವಿಯ ಬಳಿ ಇದ್ದ ಬಲವೆಲ್ಲ ಹಾಕಿ ಒಂದು ಸೀಟಿ ಊದಿದೆ. ಪುಣ್ಯಕ್ಕೆ ಅಭ್ಯಾಸಬಲದಿಂದ ಕಾಲು ತಾನಾಗಿಯೇ ಬ್ರೇಕ್ ತುಳಿಯಿತು.

"ಬೆಳಿಗ್ಗೆ ಏನು ತಿಂದ್ರಿ?"

"ಮಾತ್ರೆ," ಎಂದರು ತೊದಲುತ್ತಾ. "ಪಕ್ಕದ್ಮನೆ ಮೇಷ್ಟ್ರದು. ಸುಸ್ತು, ಬಾಯಾರಿಕೆ ಅಂದೆ... ಸಕ್ಕರೆ ಕಾಯಿಲೆ ಇರ್ಬೇಕು, ತಗೋ ಅಂದ್ರು."

ಖಾಲಿ ಹೊಟ್ಟೆಗೆ ಬೇರೆಯವರ ಮಾತ್ರೆ. ಸುತ್ತಲೂ ಕೈಗಳು ಮುಂದೆ ಬಂದವು, ಒಂದೊಂದರಲ್ಲೂ ಒಂದೊಂದು ಮಾತ್ರೆ. ಒಬ್ಬರು ಅತ್ತೆಯದು ಕೊಟ್ಟರು, ಇನ್ನೊಬ್ಬರು ತಲೆಸುತ್ತಿಗೆ ಒಳ್ಳೆಯದೆಂದು ತಮ್ಮನದು ಚಾಚಿದರು. ಬಸ್ಸಿನ ತುಂಬ ಔಷಧಿ, ಡಾಕ್ಟರು ಮಾತ್ರ ಇಲ್ಲ. ನನಗೆ ಮೈ ಉರಿದುಹೋಯಿತು.

"ಎಲ್ಲಾ ಒಳಗಿಡಿ. ಇನ್ನೊಬ್ರದ್ದು ನುಂಗಿದ್ದಕ್ಕೇ ಈ ಗತಿ."

ಮುಂದಿನ ಸೀಟಿನ ಅಜ್ಜಿಯೊಬ್ಬರು ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದರು. "ಮಾತ್ರೆಗೆ ಸಕ್ಕರೆ ತೀರಾ ಇಳಿದ್ರೆ ನಮ್ಮೆಜಮಾನ್ರಿಗೂ ಹಿಂಗೇ ಬೆವರೋದು. ನೀರಿಗೆ ಕದಡಿ ಕುಡಿಸಮ್ಮ."

ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಭಾವನ ಕಣ್ಣಿಗೆ ಬೆಳಕು ಬಂತು. ಕಿಟಕಿಯಾಚೆ ನೋಡಿದರು. ಬಸ್ಸು ನಿಂತದ್ದು ಆರೋಗ್ಯ ಕೇಂದ್ರದ ಗೇಟಿನ ಎದುರಿಗೇ.

"ಎರಡು ಊದು, ಹೊರಡೋಣ," ಎಂದರು.

"ಊದಲ್ಲ. ಇಳೀರಿ, ತೋರಿಸ್ಕೊಂಡು ಬರೋಣ."

"ಹುಚ್ಚು ಹಿಡಿದಿದ್ಯಾ? ಸಕ್ಕರೆ ಅಂತ ಡಾಕ್ಟ್ರು ಹೇಳಿದ್ರೆ ಸಾಹುಕಾರ್ರು ನಾಳೆನೇ ಮನೆಗೆ ಕಳಿಸ್ತಾರೆ. ನಿನ್ನಕ್ಕ, ಮಕ್ಕಳು ಏನು ತಿಂತಾರೆ?"

ಬಸ್ಸಿನ ಸಾಹುಕಾರರು ಹಾಗೇ ಮಾಡಿಯಾರು, ನನ್ನನ್ನೂ ಬಿಡಲಾರರು. ಈ ಕೇಂದ್ರವೋ, ನಾವು ಬಸ್ಸು ಹತ್ತಿದ ಮೇಲೆ ತೆರೆಯುತ್ತದೆ, ನಾವು ಇಳಿಯುವ ಮೊದಲೇ ಮುಚ್ಚುತ್ತದೆ. ಕೂಲಿ ಬಿಟ್ಟು ಬರಬಲ್ಲವರಿಗೆ ಡಾಕ್ಟರು, ಉಳಿದವರಿಗೆ ಪಕ್ಕದ ಮನೆಯ ಮಾತ್ರೆ.

"ಆ ಲಾರಿ ನೋಡಿದ್ರಾ ಭಾವ?"

"ಯಾವ ಲಾರಿ?" ಎಂದರು.

ಕೊರಳಿಂದ ಸೀಟಿ ಬಿಚ್ಚಿ ಚೀಲಕ್ಕೆ ಹಾಕಿದೆ. "ಬಸ್ಸು ಮುಂದೆ ಹೋಗಲ್ಲ. ಎಲ್ರೂ ಇಳ್ಕೊಳ್ಳಿ," ಎಂದೆ. ಕೆಲಸಕ್ಕೆ ತಡವಾಯಿತೆಂದು ಜನ ನನಗೆ ಹಿಡಿಶಾಪ ಹಾಕುತ್ತಾ ಇಳಿದರು. ಭಾವ ಕೀಲಿಯ ಮೇಲೆ ಕೈಯಿಟ್ಟು ಕೂತೇ ಇದ್ದರು. ಇಷ್ಟು ವರ್ಷದಲ್ಲಿ ಎರಡು ಸೀಟಿ ಕೇಳದೆ ಅವರು ಒಮ್ಮೆಯೂ ಬಸ್ಸು ಹೊರಡಿಸಿದವರಲ್ಲ. ಕೊನೆಗೆ ಕೀಲಿ ಕಿತ್ತು ನನ್ನ ಕೈಗೆ ಕೊಟ್ಟರು.

ದಿನವೂ ಇದೇ ಗೇಟಿನಲ್ಲಿ ಜ್ವರದ ಮಕ್ಕಳನ್ನೂ ಬಸುರಿಯರನ್ನೂ ಇಳಿಸಿದ್ದೇವೆ. "ಆಸ್ಪತ್ರೆ, ಆಸ್ಪತ್ರೆ" ಎಂದು ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಗಿದೆ. ಭಾವ ಗೇಟು ದಾಟಿ ಅಂಗಳದಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರು.

"ಬಾಗಿಲು ಯಾವ ಕಡೆ?"

ಹೇಳಲು ಬಾಯಿ ತೆರೆದೆ. ನನಗೂ ಗೊತ್ತಿರಲಿಲ್ಲ. ಸಕ್ಕರೆ ಕೊಟ್ಟ ಅಜ್ಜಿ ದಾರಿ ಬಲ್ಲವರಂತೆ ಮುಂದೆ ಹೋಗುತ್ತಿದ್ದರು. ನಾವಿಬ್ಬರೂ ಅವರ ಹಿಂದೆ ನಡೆದೆವು.