ಚಂದ್ರನಿಗೆ ಎರಡನೇ ಸಾಕ್ಷಿ

ಆ ಗುರುವಾರ ಸಂಜೆ ಮಯೂರಿಗೆ ಚಂದ್ರ ಬೇಕಾಗಿರಲಿಲ್ಲ. ಚಂದ್ರನ ಸುದ್ದಿಯನ್ನು ಅವಳು ಮಧ್ಯಾಹ್ನವೇ ಬರೆದು ಮುಗಿಸಿದ್ದಳು. ನಗಬೇಡಿ, ನೌಕರಿಯಿಲ್ಲದೆ ಬಿಡಿ ಲೇಖನ ಬರೆದು ಬದುಕುವ ಪತ್ರಕರ್ತರ ಪಾಡೇ ಹಾಗೆ. ಆಗಲಿರುವುದನ್ನು ಮೊದಲೇ ಬರೆದಿಟ್ಟುಕೊಂಡು, ಆದಮೇಲೆ ಎರಡು ಸಾಲು ತಿದ್ದಿ ಕಳಿಸಬೇಕು. ಹತ್ತು ನಿಮಿಷ ತಡವಾದರೆ ಬೇರೆ ಯಾರೋ ಕಳಿಸಿ, ಅವರ ಹೆಸರು ಮೇಲೆ ಬಂದಿರುತ್ತದೆ.

ಮಯೂರಿ ಡೊಂಬಿವಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗದಗಿನ ಶಂಕರೆಪ್ಪನ ಮಗಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಠಾಣೆಯಿಂದ ಕಲ್ಯಾಣದವರೆಗಿನ ಮುಸ್ಲಿಂ ಸಂಘಟನೆಗಳು, ಅವುಗಳ ಚುನಾವಣೆ, ಒಳಜಗಳ, ಯಾವ ಪಕ್ಷದವರು ಯಾರ ಮನೆಯ ಬಿರಿಯಾನಿ ಉಂಡರು ಅನ್ನುವುದೆಲ್ಲ ಅವಳ ಬರವಣಿಗೆಯ ಬಾಬತ್ತು. ಐದು ವರ್ಷ ಹೀಗೆ ಲೋಕಲ್ ರೈಲಿನಲ್ಲಿ ನಿಂತು ನಿಂತು ಬರೆದವಳಿಗೆ ಬೆಂಗಳೂರಿನ ಒಂದು ಸುದ್ದಿತಾಣದ ಸಂಪಾದಕ ಹೃಷೀಕೇಶ ಮಾತು ಕೊಟ್ಟಿದ್ದರು. ಈದ್ ಲೇಖನ ಸದ್ದು ಮಾಡಿದರೆ ಮುಂದಿನ ತಿಂಗಳಿಂದ ಕಾಯಂ ನೌಕರಿ.

ಸದ್ದು ಮಾಡುವಂಥದ್ದೇ ಅವಳ ಕೈಗೆ ಸಿಕ್ಕಿತ್ತು. ರಂಜಾನಿನ ಇಪ್ಪತ್ತೊಂಬತ್ತನೇ ಸಂಜೆ ಚಂದ್ರ ಕಂಡರೆ ಮರುದಿನ ಈದ್. ಕಾಣದಿದ್ದರೆ ಇನ್ನೊಂದು ಉಪವಾಸ, ಅದರ ಮರುದಿನ ಈದ್. ಕಲ್ಯಾಣದ ಹಳೆಯ ಮೊಹಲ್ಲಾದಲ್ಲಿ ಇದನ್ನು ತೀರ್ಮಾನಿಸುವುದಕ್ಕೆ ಒಂದು ಚಂದ್ರ ಸಮಿತಿಯಿದೆ. ಅದೇ ಮೊಹಲ್ಲಾದಿಂದ ಪಾಲಿಕೆಗೆ ನಗರಸೇವಕನಾಗಲು ಹೊರಟ ಒಬ್ಬ ಬಿಲ್ಡರ್ ಶುಕ್ರವಾರಕ್ಕೆಂದೇ ಮೈದಾನದಲ್ಲಿ ದೊಡ್ಡ ವೇದಿಕೆ ಹಾಕಿಸಿದ್ದ. ಮುಂಬಯಿಯಿಂದ ಪಕ್ಷದ ದೊಡ್ಡ ನಾಯಕರು ಈದ್ ಶುಭಾಶಯ ಹೇಳಲು ಬರುವವರಿದ್ದರು, ಶನಿವಾರ ಅವರಿಗೆ ಪುರುಸೊತ್ತಿರಲಿಲ್ಲ. ಆದ್ದರಿಂದ ಚಂದ್ರ ಕಾಣಲಿ ಬಿಡಲಿ, ಸಮಿತಿಯವರು ಗುರುವಾರವೇ ಕಂಡಿತು ಎಂದು ಸಾರುತ್ತಾರೆ, ಸಮಿತಿಯ ದಾವಲಸಾಬ ಮಾರಾಟವಾಗಿದ್ದಾನೆ. ಹೀಗೆಂದು ಮಯೂರಿಗೆ ಹೇಳಿದವನು ಆ ಸಮಿತಿಯನ್ನು ಕಂಡರಾಗದ ಇನ್ನೊಂದು ಸಂಘಟನೆಯ ವಕ್ತಾರ, ಬೇಲಾಪುರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ. ಹೇಳಿದವನು ಅವನೊಬ್ಬನೇ. ಆದರೆ ವೇದಿಕೆ ಕಣ್ಣೆದುರಿಗಿತ್ತು. ಅರ್ಧಚಂದ್ರ ಬರೆಸಿದ ಬಿಲ್ಡರನ ಬ್ಯಾನರುಗಳು ಸ್ಟೇಷನ್ನಿನಿಂದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆವರೆಗೂ ನೇತಾಡುತ್ತಿದ್ದವು. ಅವಳು ಬರೆದು ಹೃಷೀಕೇಶರಿಗೆ ಕಳಿಸಿಬಿಟ್ಟಳು. ಸಮಿತಿ ಸಾರಿದ ಕೂಡಲೇ ಹ್ಞೂಂ ಅನ್ನುತ್ತೇನೆ, ಹಾಕಿಬಿಡಿ ಎಂದಿದ್ದಳು.

ಇನ್ನು ದಾವಲಸಾಬ. ಅವನೂ ಗದಗಿನ ಕಡೆಯವನು. ಕಲ್ಯಾಣ ಶೆಡ್ಡಿನಿಂದ ಮೂವತ್ತನಾಲ್ಕು ವರ್ಷ ಗೂಡ್ಸ್ ಗಾಡಿ ಓಡಿಸಿ ನಿವೃತ್ತನಾದ ಡ್ರೈವರ್, ವಯಸ್ಸು ಎಪ್ಪತ್ತೊಂದು, ಕಣ್ಣಿಗೆ ಇನ್ನೂ ಚಷ್ಮಾ ಇಲ್ಲ. ಆ ಕಣ್ಣಿನ ಬಗ್ಗೆ ಅವನಿಗೆ ಸಣ್ಣ ಜಂಬವೂ ಇತ್ತು ಅನ್ನಿ. ಹತ್ತೊಂಬತ್ತು ವರ್ಷದಿಂದ ಸಮಿತಿಯವರು ಆಕಾಶವನ್ನು ಅವನಿಗೇ ಒಪ್ಪಿಸಿದ್ದರು. ಚಂದ್ರ ಕಂಡೆ ಎಂದು ಯಾರು ಬಂದರೂ ಪ್ರಶ್ನೆ ಕೇಳಿ ಪರೀಕ್ಷೆ ಮಾಡುವವನು ಅವನೇ, ತೀರ್ಪು ಹೇಳುವವರು ಮೌಲಾನಾ.

ಮಯೂರಿ ಸಮಿತಿಯ ಕಚೇರಿಗೆ ಹೋದಾಗ, ಪತ್ರಕರ್ತರಿಗೆ ತಾರಸಿಗೆ ಬಿಡುವುದಿಲ್ಲ ಎಂದು ಬಾಗಿಲಲ್ಲೇ ತಡೆದರು. ದಾವಲಸಾಬ ಅವಳ ಹೆಸರು ಕೇಳಿದ, ಅಪ್ಪನ ಹೆಸರು ಕೇಳಿದ.

"ಶಂಕರೆಪ್ಪನ ಮಗಳೇನವಾ? ನನ್ನ ಮದುವಿ ಶೇರವಾನಿ ಅರಿವೆ ನಿಮ್ಮಪ್ಪನ ಅಂಗಡಿದು. ಬಾ, ಮ್ಯಾಲ ಬಾ" ಎಂದು ತಾನೇ ಮುಂದಾಗಿ ಮೆಟ್ಟಿಲು ಹತ್ತಿದ.

ಯಾರನ್ನು ಮಾರಾಟವಾದವನೆಂದು ಬರೆದಿದ್ದಳೋ ಅವನ ಬೆನ್ನ ಹಿಂದೆಯೇ ಅವಳು ಮೆಟ್ಟಿಲು ಹತ್ತಿದಳು. ಒಳಗೆ ಏನೋ ಚುಚ್ಚಿತು. ಚುಚ್ಚಲಿ ಬಿಡಿ, ಚುಚ್ಚಬೇಕಾದದ್ದೇ.

ತಾರಸಿಯ ಮೇಲೆ ಹತ್ತು ಹನ್ನೆರಡು ಜನ ಪಡುವಣಕ್ಕೆ ಮುಖಮಾಡಿ ನಿಂತಿದ್ದರು. ಖಾಡಿಯ ಆಚೆ ದಂಡೆಯಲ್ಲಿ ಅರ್ಧ ಕಟ್ಟಿದ ಗೋಪುರದಂಥ ಕಟ್ಟಡಗಳು, ಅವುಗಳ ತಲೆಯ ಮೇಲೆ ಹಳದಿ ಕ್ರೇನುಗಳು, ಅವುಗಳ ಮೇಲೆ ದಪ್ಪನೆಯ ಅಕಾಲದ ಮೋಡ. ಸೂರ್ಯ ಮುಳುಗಿದ. ಮಸೀದಿಗಳಿಂದ ಒಂದಾದ ಮೇಲೊಂದು ಅಜಾನ್ ಎದ್ದಿತು. ಎಲ್ಲರೂ ಖರ್ಜೂರ ಬಾಯಿಗಿಟ್ಟು ನೀರು ಕುಡಿದು, ಈ ಮೋಡದಲ್ಲಿ ಏನು ಕಂಡೀತು ಎಂದುಕೊಳ್ಳುತ್ತ ನಮಾಜಿಗೆ ಕೆಳಗಿಳಿದರು. ದಾವಲಸಾಬ ಕದಲಲಿಲ್ಲ. ಖರ್ಜೂರದ ಬೀಜವನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮಿಟುಕಿಸದೆ ನಿಂತೇ ಇದ್ದ. ಪಕ್ಕದಲ್ಲಿ ಮಯೂರಿ ಒಬ್ಬಳೇ ಉಳಿದಳು.

ಹತ್ತು ನಿಮಿಷವಾಗಿರಬಹುದು. ಎರಡು ಕ್ರೇನುಗಳ ನಡುವೆ ಮೋಡ ಸ್ವಲ್ಪ ಹರಿಯಿತು. ಹಿಂದೆ ಕೇಸರಿಯೂ ಅಲ್ಲದ ಬೂದಿಯೂ ಅಲ್ಲದ ಒಂದು ಚೂರು ಆಕಾಶ.

"ಚಂದ್ರ" ಎಂದ ದಾವಲಸಾಬ, ಮೆಲ್ಲಗೆ. ತೋಳು ನೀಡಿದ. ಎಡಗಡೆಯ ಕ್ರೇನಿನ ತುದಿ ಹಿಡಿ, ಅಲ್ಲಿಂದ ಎರಡು ಬೆರಳು ಮೇಲೆ, ಎಂದ.

ಮಯೂರಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಳು. ಉಗುರು ಕತ್ತರಿಸಿ ಎಸೆದಷ್ಟು ತೆಳ್ಳಗೆ, ಎರಡೂ ತುದಿ ಮೇಲೆ ಮಾಡಿ ತೊಟ್ಟಿಲಿನ ಹಾಗೆ ಅಂಗಾತ ಮಲಗಿತ್ತು. ಅದು ಅಲ್ಲಿ ಮೊದಲಿಂದಲೂ ಇತ್ತು; ಅವಳಿಗೆ ಈಗ ಕಂಡಿತು, ಅಷ್ಟೆ. ಮೂವತ್ತು ವರ್ಷದಲ್ಲಿ ಅವಳು ಚಂದ್ರನನ್ನು ನೂರಾರು ಸಲ ನೋಡಿದ್ದಳು. ಆದರೆ ಇಷ್ಟು ಎಳೆಯದನ್ನು, ಇಡೀ ಊರು ಕಾಯುತ್ತಿರುವುದನ್ನು, ಊರಿಗೆ ಗೊತ್ತಾಗುವ ಮೊದಲೇ ನೋಡಿರಲಿಲ್ಲ. ಮೈ ಜುಮ್ಮೆಂದಿತು. ಕೈಯಲ್ಲಿ ಫೋನಿದ್ದದ್ದು, ಫೋನಿಗೆ ಕ್ಯಾಮೆರಾ ಇದ್ದದ್ದು ಯಾವುದೂ ನೆನಪಿಗೆ ಬರಲಿಲ್ಲ.

"ಚಂದ್ರ" ಎಂದಳು ಅವಳೂ, ತನಗೇ ತಿಳಿಯದೆ.

ಮೋಡ ಕೂಡಿಕೊಂಡಿತು. ಎಲ್ಲ ಸೇರಿ ಅರ್ಧ ನಿಮಿಷವೂ ಇರಲಿಕ್ಕಿಲ್ಲ.

ದಾವಲಸಾಬ ಅವಳ ಕಡೆ ತಿರುಗಿ ನಕ್ಕ. ಇಂಜಿನ್ನಿನೊಳಗೂ ಹೀಗೇ ಎಂದು ಹೇಳಿದ: ಸಿಗ್ನಲ್ ಹಸಿರು ಎಂದು ಡ್ರೈವರ್ ಒಬ್ಬನೇ ಅಂದರೆ ಸಾಲದು, ಪಕ್ಕದಲ್ಲಿ ಕೂತ ಅಸಿಸ್ಟೆಂಟೂ ನೋಡಿ ಹಸಿರು ಅನ್ನಬೇಕು, ಆಗಲೇ ಗಾಡಿ ಮುಂದೆ. ಹಾಗಾದರೆ ಈದ್ ಆಯಿತಲ್ಲ ಕಾಕಾ, ನಾವಿಬ್ಬರು ನೋಡಿದೆವಲ್ಲ ಎಂದಳು ಮಯೂರಿ. ಅವನು ಇಲ್ಲವೆಂದು ತಲೆಯಾಡಿಸಿದ. ಮೋಡವಿದ್ದ ದಿನ ಇಬ್ಬರ ಸಾಕ್ಷಿ ಬೇಕು, ಇಬ್ಬರೂ ಈ ಉಪವಾಸ ಹಿಡಿದ ಜನರೇ ಆಗಿರಬೇಕು, ಇದು ಅವರ ದೀನಿನ, ಧರ್ಮದ ಕೆಲಸ ಎಂದ. "ನೀ ಅಂದಿದ್ದು ನನಗ ಸಾಕು ಯವ್ವಾ. ಕೆಳಗಿನವರಿಗೆ ಸಾಲೂದಿಲ್ಲ" ಎಂದ. ಅದರಲ್ಲಿ ಅವಳನ್ನು ದೂರ ಇಟ್ಟ ಧಾಟಿ ಏನೂ ಇರಲಿಲ್ಲ.

ಕೆಳಗೆ ಹೋಗಿ ನಮಾಜು ಮುಗಿಸಿ ಅವನು ಮೌಲಾನಾರ ಕಿವಿಯಲ್ಲಿ ವಿಷಯ ಹೇಳಿದ. ಮೌಲಾನಾ ಸುತ್ತಲಿನ ಊರುಗಳಿಗೆಲ್ಲ ಫೋನ್ ಮಾಡಿಸಿದರು. ಎಲ್ಲ ಕಡೆ ಮೋಡ, ಎಲ್ಲೂ ಸಾಕ್ಷಿಯಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತ ಮಯೂರಿಗೆ ತನ್ನ ಲೇಖನ ನೆನಪಾಯಿತು. ಇವರು ಈಗ ಚಂದ್ರ ಕಂಡಿತು ಎಂದು ಸಾರಿದರೂ ಅದು ಅಪ್ಪಟ ನಿಜ. ಅದನ್ನು ಸುಳ್ಳು ಎಂದು ಬರೆದಿಟ್ಟವಳು ತಾನು, ನಿಜವೆಂದು ಕಣ್ಣಾರೆ ಕಂಡವಳೂ ತಾನೇ.

ಅಷ್ಟರಲ್ಲಿ ಬಿಲ್ಡರನ ಬಲಗೈಯಂತಿದ್ದ ಶಫಾಕತ್ ಒಳಗೆ ಬಂದ. ದಾವಲಸಾಬನಿಗೆ ಚಂದ್ರ ಕಂಡಿದೆಯಂತೆ ಎಂಬ ಗುಸುಗುಸು ಬಾಗಿಲಲ್ಲೇ ಅವನ ಕಿವಿಗೆ ಬಿದ್ದಿತ್ತು. ತಾನೂ ಮೈದಾನದಲ್ಲಿ ನಿಂತು ಕಂಡೆ, ಸಾಕ್ಷಿ ಹೇಳುತ್ತೇನೆ ಎಂದ. ಕೋಣೆಯಲ್ಲಿದ್ದವರ ಮುಖವೆಲ್ಲ ಅರಳಿತು. ಆಯಿತಲ್ಲ, ಇಬ್ಬರಾದರಲ್ಲ! ಹೊರಗೆ ಬೀದಿಯಲ್ಲಿ ಹೆಂಗಸರು ಮೆಹಂದಿಗೆ ಕೈ ಚಾಚಿ ಕಾಯುತ್ತಿದ್ದರು. ಬಳೆ ಅಂಗಡಿಯವರು, ಶೀರ್‌ಕುರ್ಮಾಕ್ಕೆ ಶಾವಿಗೆ ಹುರಿಯುವವರು, ವೇದಿಕೆಗೆ ದೀಪ ಕಟ್ಟುವವರು, ಎಲ್ಲರೂ ಈ ಕೋಣೆಯ ಒಂದು ಮಾತಿಗೆ ಕಾಯುತ್ತಿದ್ದರು.

ದಾವಲಸಾಬ ಶಫಾಕತನನ್ನು ಎದುರಿಗೆ ಕೂರಿಸಿಕೊಂಡು ಮೂರೇ ಪ್ರಶ್ನೆ ಕೇಳಿದ. ಎಷ್ಟು ಹೊತ್ತಿಗೆ ಕಂಡೆ? ಎಷ್ಟು ಎತ್ತರದಲ್ಲಿತ್ತು? ಅವೆರಡಕ್ಕೂ ಶಫಾಕತ್ ಹೇಗೋ ಉತ್ತರ ಹೊಂದಿಸಿದ. ಮೂರನೆಯದು, ತುದಿಗಳು ಯಾವ ಕಡೆಗಿದ್ದವು? ಶಫಾಕತ್ ಹೆಬ್ಬೆರಳು ತೋರುಬೆರಳು ಬಾಗಿಸಿ ನೆಟ್ಟಗೆ ಹಿಡಿದು ತೋರಿಸಿದ. ನಿಂತ ಚಂದ್ರ, ಬಾಯಿ ಪಕ್ಕಕ್ಕೆ. ಊರ ತುಂಬ ನೇತಾಡುತ್ತಿದ್ದ ಬಿಲ್ಡರನ ಬ್ಯಾನರಿನಲ್ಲಿ ಇದ್ದದ್ದು ಅದೇ ಚಂದ್ರ! ಮಯೂರಿಗೆ ನಗು ಬರಬೇಕಿತ್ತು, ಬರಲಿಲ್ಲ. ಅಂಗಾತ ಮಲಗಿದ್ದ ತೊಟ್ಟಿಲು ಅವಳ ಕಣ್ಣಲ್ಲಿ ಇನ್ನೂ ಹಾಗೇ ಇತ್ತು. ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ.

ಈಗ ದಾವಲಸಾಬ ಹೌದೆಂದು ತಲೆಯಾಡಿಸಿಬಿಟ್ಟಿದ್ದರೆ ಮುಗಿದಿತ್ತು. ಅವನು ಕಂಡ ಚಂದ್ರ ಊರಿಗೆಲ್ಲ ಚಂದ್ರನಾಗುತ್ತಿತ್ತು, ಅವನ ಕಣ್ಣಿನ ಹೆಸರೂ ಉಳಿಯುತ್ತಿತ್ತು. ಅದರಲ್ಲಿ ಸುಳ್ಳೇನು ಬಂತು ಹೇಳಿ, ಚಂದ್ರ ಬಂದದ್ದಂತೂ ನಿಜವೇ. ಮುದುಕ ಶಫಾಕತನ ಬೆರಳನ್ನೊಮ್ಮೆ ನೋಡಿದ. ಆಮೇಲೆ ಮೌಲಾನಾರ ಕಡೆ ತಿರುಗಿದ.

"ಚಾಂದ್ ಸಚ್ಚಾ ಹೈ, ಮೌಲಾನಾ. ಗವಾಹ್ ಸಚ್ಚಾ ನಹೀಂ" ಎಂದ. ಚಂದ್ರ ನಿಜ, ಸಾಕ್ಷಿ ನಿಜವಲ್ಲ.

ಶಫಾಕತ್ ಕೂಗಾಡಿದ. ಬಿಲ್ಡರನ ಹೆಸರು ಹೇಳಿದ, ನಾಯಕರ ಹೆಸರು ಹೇಳಿದ, ಸಮಿತಿಯನ್ನೇ ಬರ್ಖಾಸ್ತು ಮಾಡಿಸುತ್ತೇನೆ ಎಂದ. ಮೌಲಾನಾ ಅವನು ಸುಮ್ಮನಾಗುವವರೆಗೆ ಕಾದು, ನಾಳೆ ಮೂವತ್ತನೇ ಉಪವಾಸ, ಈದ್ ಶನಿವಾರ ಎಂದು ಬರೆಸಿದರು. ದಾವಲಸಾಬ ಒಂದು ಮಾತು ಬೇಡಿಕೊಂಡ. ತಾನು ಕಂಡದ್ದು ಈ ಕೋಣೆ ದಾಟಬಾರದು. ದಾಟಿದರೆ ಅರ್ಧ ಊರು ನಾಳೆ ಈದ್ ಮಾಡುತ್ತದೆ, ಅರ್ಧ ಊರು ಉಪವಾಸ ಇರುತ್ತದೆ, ಹೊಡೆದಾಟಕ್ಕೆ ಕಾಯುತ್ತಿರುವವರು ಎರಡೂ ಕಡೆ ಇದ್ದಾರೆ ಎಂದ. ಎಲ್ಲರೂ ಒಪ್ಪಿದರು. ಶಫಾಕತನೂ ತುಟಿ ಹೊಲಿದುಕೊಂಡ. ಬಾಯಿ ಬಿಟ್ಟರೆ ಬ್ಯಾನರಿನ ಚಂದ್ರನ ಕತೆಯೂ ಹೊರಗೆ ಬರುತ್ತಿತ್ತಲ್ಲ.

ಮೆಟ್ಟಿಲ ಬಳಿ ಮಯೂರಿ ದಾವಲಸಾಬನನ್ನು ತಡೆದಳು. ನೀವಂತೂ ಕಣ್ಣಾರೆ ಕಂಡಿದ್ದೀರಿ, ನಿಮ್ಮ ಪಾಲಿಗೆ ನಾಳೆ ಈದ್ ಅಲ್ಲವೇ, ನೀವು ಉಪವಾಸ ಯಾಕೆ ಇರಬೇಕು ಎಂದು ಕೇಳಿದಳು.

"ನನ್ನ ಒಬ್ಬನ ಈದ್ ಹೆಂಗಾಗತೈತಿ ಯವ್ವಾ? ಈದ್ ಅಂದ್ರ ಊರಿಂದು" ಎಂದ ದಾವಲಸಾಬ. ಕಂಡವನೊಬ್ಬನ ಸಾಕ್ಷಿ ನಿಲ್ಲದಿದ್ದರೆ ಅವನೂ ಊರಿನೊಂದಿಗೇ ಉಪವಾಸ ಇರಬೇಕು, ನಮ್ಮ ಹಿರಿಯರು ಬರೆದಿಟ್ಟಿದ್ದಾರೆ ಎಂದ. ಚಪ್ಪಲಿ ಮೆಟ್ಟಿಕೊಂಡು, ನಸುಕಿನ ಸಹರಿಯೂಟಕ್ಕೆ ಹಾಲು ತರಬೇಕು ಎನ್ನುತ್ತ ಬೀದಿಗಿಳಿದ.

ಮಯೂರಿ ಅವನು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಲ್ಲೇ ನಿಂತಳು. ಇಂಥವರೂ ಇದ್ದಾರಾ ಎಂದು ಅವಳಿಗೆ ಅಳು ಬರುವಷ್ಟು ಬೆರಗಾಯಿತು. ತಾನು ಕಂಡದ್ದಕ್ಕಾಗಿ ಪ್ರಾಣ ಬಿಟ್ಟವರ ಕತೆ ಕೇಳಿದ್ದಳು. ಕಂಡದ್ದನ್ನು ಹೀಗೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಹಾಲು ತರಲು ಹೋದವನನ್ನು ನೋಡಿರಲಿಲ್ಲ.

ಫೋನ್ ಬಡಿದುಕೊಂಡಿತು. ಹೃಷೀಕೇಶ.

ಹಾಕಬೇಡಿ ಸರ್, ಅದರಲ್ಲಿ ಬರೆದದ್ದು ನಿಜವಲ್ಲ, ಹೇಳಿದವನು ಒಬ್ಬನೇ, ನಾನು ಇನ್ನೊಬ್ಬರನ್ನು ಕೇಳಲೇ ಇಲ್ಲ ಎಂದಳು ಮಯೂರಿ. ಅತ್ತಲಿಂದ ಉಸಿರು ಬಿಟ್ಟದ್ದು ಕೇಳಿಸಿತು.

"ಹಾಗಾದ್ರೆ ಅಲ್ಲಿ ನಡೆದಿದ್ದಾದ್ರೂ ಏನ್ರೀ? ಚಂದ್ರ ಕಾಣಿಸ್ತೋ ಇಲ್ವೋ?"

ಆಗ ಅವಳ ತಲೆಯಲ್ಲಿ ತಲೆಬರಹ ತಾನೇ ತಾನಾಗಿ ಮೂಡಿತು: ಚಂದ್ರ ಕಂಡರೂ ಮುಚ್ಚಿಟ್ಟ ಸಮಿತಿ, ನಮ್ಮ ವರದಿಗಾರ್ತಿಯೇ ಪ್ರತ್ಯಕ್ಷದರ್ಶಿ. ಹತ್ತು ನಿಮಿಷದಲ್ಲಿ ಅದು ಮರಾಠಿಗೆ, ಹಿಂದಿಗೆ ಹೋಗುತ್ತದೆ. ಅವಳ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತದೆ, ನೌಕರಿ ಸಿಗುತ್ತದೆ, ಕಲ್ಯಾಣ ಎರಡು ಹೋಳಾಗುತ್ತದೆ. ನಾಲಿಗೆಯ ತುದಿಯವರೆಗೂ ಬಂದಿತ್ತು. ದೇವರಾಣೆಗೂ ಬಂದಿತ್ತು.

"ಸಮಿತಿಗೆ ಸಾಕ್ಷಿ ಸಿಗಲಿಲ್ಲ ಸರ್" ಎಂದಳು.

ಇಷ್ಟೇನಾ, ಇದು ಎಲ್ಲರ ಹತ್ತಿರಾನೂ ಇರೋ ಸುದ್ದಿ ಕಣ್ರೀ ಎಂದು ಹೃಷೀಕೇಶ ಫೋನಿಟ್ಟರು. ಕಾಯಂ ನೌಕರಿಗೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ ಎಂಬ ಮೆಸೇಜ್ ಮರುದಿನ ಮಧ್ಯಾಹ್ನವೇ ಬಂತು. ಅವಳು ಅದನ್ನು ದಿವಾ ಸ್ಟೇಷನ್ನಿನ ನೂಕುನುಗ್ಗಲಲ್ಲಿ ಓದಿದಳು, ಇನ್ನೊಮ್ಮೆ ಓದಿದಳು, ಕಲ್ಯಾಣದ ಗಾಡಿ ಹತ್ತಿದಳು.

ಶುಕ್ರವಾರ ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಖಾಡಿಯ ಮೇಲೆ ದಪ್ಪನೆಯ, ಎತ್ತರದ, ಯಾರೂ ಹುಡುಕಬೇಕಿಲ್ಲದ ಚಂದ್ರ. ಬೀದಿಯಲ್ಲಿ ಜನ ಬೆರಳು ತೋರಿಸಿ ಬೈಯುತ್ತಿದ್ದರು. ಇದು ಇವತ್ತಿನ ಚಂದ್ರನಾ? ನಿನ್ನೆಯದು ಕಣ್ರೋ, ಹಬ್ಬದ ದಿನ ನಮ್ಮನ್ನು ಉಪವಾಸ ಕೆಡವಿದರಲ್ಲ! ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ ದಾವಲಸಾಬನ ತುಟಿ ಬಿಸಿಲಿಗೆ ಬಿರಿದಿತ್ತು. ಒಬ್ಬ ಪಡ್ಡೆ ಹುಡುಗ ಬೈಕ್ ನಿಲ್ಲಿಸಿ, ಚಾಚಾ, ಇನ್ನು ಚಷ್ಮಾ ಹಾಕಿಸಿಕೊಳ್ಳಿ, ಡ್ರೈವರನ ಕಣ್ಣು ಹೋಯಿತು ಎಂದು ನಗೆಯಾಡಿದ. ಸುತ್ತಲಿದ್ದವರೂ ನಕ್ಕರು.

"ಇವತ್ತು ಎಲ್ಲರಿಗೂ ಕಂಡಿತಲ್ಲ ಬೇಟಾ, ಅಷ್ಟು ಸಾಕು" ಎಂದು ದಾವಲಸಾಬನೂ ಅವರ ಜೊತೆ ನಕ್ಕ.

ಮಯೂರಿಗೆ ತಡೆಯಲಾಗಲಿಲ್ಲ. ಅವನ ಪಕ್ಕ ಹೋಗಿ ಮೆಟ್ಟಿಲ ಮೇಲೆ ಕೂತು, ತಾನು ಏನು ಬರೆದಿದ್ದೆ ಎಂಬುದನ್ನೆಲ್ಲ ಹೇಳಿಬಿಟ್ಟಳು. ಅಪ್ಪನ ಹೆಸರು ಹೇಳಿ ಮೇಲೆ ಬಂದದ್ದು, ಅದಕ್ಕೂ ಮೊದಲೇ ಅವನನ್ನು ಮಾರಾಟವಾದವನು ಎಂದು ಬರೆದು ಕಳಿಸಿದ್ದು, ಕೊನೆಗೆ ಹಾಕಬೇಡಿ ಎಂದದ್ದು, ಏನನ್ನೂ ಬಿಡಲಿಲ್ಲ. ಅವನು ಮುಖ ತಿರುಗಿಸುತ್ತಾನೆ ಎಂದುಕೊಂಡಿದ್ದಳು. ಅವನು ಒಂದೇ ಪ್ರಶ್ನೆ ಕೇಳಿದ, ನಿನ್ನೆ ಶಫಾಕತನಿಗೆ ಕೇಳಿದ ಅದೇ ದನಿಯಲ್ಲಿ.

"ಎಷ್ಟ ಮಂದಿ ಹೇಳಿದ್ರು?"

"ಒಬ್ಬ, ಕಾಕಾ."

"ಮತ್ತ, ತಡದೀಯಲ್ಲ."

ಅಷ್ಟೇ ಅಂದ. ಬೀದಿಯಲ್ಲಿ ಪಟಾಕಿ ಹಚ್ಚಿದರು. ದಾವಲಸಾಬ ಗೋಡೆಗೆ ಕೈಯೂರಿ ಎದ್ದು ನಿಂತು ಪಡುವಣಕ್ಕೆ ನೋಡಿದ. ಹೇಳು, ಏನು ಕಾಣಿಸುತ್ತದೆ ಎಂದು ಅವಳನ್ನು ಕೇಳಿದ.

"ಚಂದ್ರ" ಎಂದಳು ಮಯೂರಿ.

"ಚಂದ್ರ" ಎಂದ ದಾವಲಸಾಬ.