ಸೀಲಿನ ಕೆಳಗಿನ ಪದ

"ಜೊತೆಗೆ ಯಾರು ಬಂದಿದ್ದಾರೆ? ಜೋರಾಗಿ ಹೇಳಮ್ಮ, ಗಾಜಿನ ಈಚೆಗೆ ಕೇಳಿಸಲ್ಲ!"

ಕಿಟಕಿಯಾಚೆ ನಿಂತಿದ್ದ ಹುಡುಗಿಯ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಅಂಗಡಿಯಿಂದ ನೇರ ಬಂದಿರಬೇಕು. ಅವಳೊಮ್ಮೆ ಹಿಂದಿನ ಸಾಲನ್ನು ನೋಡಿದಳು. ಆಸ್ಪತ್ರೆಯಲ್ಲಿ ಎಲ್ಲ ವಿಭಾಗಕ್ಕೂ ಬಿಳಿ ಚೀಟಿ, ಮನೋರೋಗಕ್ಕೆ ಮಾತ್ರ ಹಳದಿ. ಅವಳ ಹೆಸರು ಬರೆದ ಹಳದಿ ಚೀಟಿ ಎಲ್ಲರ ಕಣ್ಣಿಗೂ ಬೀಳುವಂತೆ ಗಾಜಿನ ಈಚೆ ಕೂತ ಚೀಟಿಯಮ್ಮನ ಕೈಯಲ್ಲಿತ್ತು.

"ಒಬ್ಬಳೇ ಬಂದೆ."

"ಹಳದಿಗೆ ಜೊತೆಗೊಬ್ಬರು ಬೇಕು ಕಣಮ್ಮ. ಅಮ್ಮನೋ ಅಕ್ಕನೋ, ಯಾರನ್ನಾದ್ರೂ ಕರ್ಕೊಂಡು ಬಾ."

"ಮನೇಲಿ ಹೇಳಿಲ್ಲ..." ಹುಡುಗಿ ತಡೆದಳು. "ಇರಲಿ ಬಿಡಿ."

ಹೊರಟೇಬಿಟ್ಟಳು. ಅವಳ ಒಂಬತ್ತನೇ ನಂಬರು ಆಗಲೇ ಪಟ್ಟಿಗೆ ಸೇರಿ ಡಾಕ್ಟರ ಕೋಣೆಗೆ ಹೋಗಿತ್ತು. ಚೀಟಿಯಮ್ಮ ಆ ಚೀಟಿಯನ್ನು ಕಾಗದ ಹಾರದಂತಿಡುವ ಗಾಜಿನ ಗುಂಡಿನಡಿ ಇಟ್ಟಳು. ಹನ್ನೊಂದು ವರ್ಷದಿಂದ ಈ ಕಿಟಕಿಯಲ್ಲಿ ಕೂತು ಕೂತು ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

"ಏನ್ ಚೀಟಿಯಮ್ಮ, ಇವತ್ತು ಹಳದಿ ಫಸಲು ಜೋರಾ?" ಜವಾನ ಬಾಗಿಲಿಂದ ಕೂಗಿದ.

"ನಿಂಗೂ ಒಂದು ಹರೀಲೇನು? ಜೊತೆಗೆ ನಿನ್ನ ಹೆಂಡ್ತೀನ ಕರ್ಕೊಂಡು ಬಾ, ಅವಳಿಗೂ ಒಂದು ಬೇಕಾಗುತ್ತೆ!"

ಸಾಲಿನಲ್ಲಿ ಒಂದಿಬ್ಬರು ನಕ್ಕರು. ಮಂಡಿನೋವಿನ ಮುದುಕನೊಬ್ಬ ಬಿಳಿ ಚೀಟಿ ತಗೊಂಡು ಪಕ್ಕಕ್ಕೆ ಸರಿದ. ಅವನ ಹಿಂದೆ ನಿಂತಿದ್ದವಳು ಚೀಟಿಯಮ್ಮನ ಮಗಳು.

"ಅಯ್ಯೋ, ಊಟದ ಡಬ್ಬಿ ಮರೆತು ಬಂದ್ನಾ ಪುಟ್ಟಿ?"

"ಇಲ್ಲಮ್ಮ. ಹಳದಿ ಕೊಡು."

"ಯಾರಿಗೇ?"

ಮಗಳು ಬೆರಳಿಂದ ತನ್ನನ್ನೇ ತೋರಿಸಿಕೊಂಡಳು. ಇಪ್ಪತ್ತೆರಡು ವರ್ಷದವಳು. ಕನ್ನಡಕದ ಅಂಗಡಿಯ ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು. ಬೆಳಿಗ್ಗೆ ಇಟ್ಟ ತಟ್ಟೆ ಸಂಜೆ ಹಾಗೇ ಇರುತ್ತಿತ್ತು. 'ಹಾಸಿಗೆಗೆ ಅಂಟು ಹಾಕ್ಕೊಂಡಿದ್ದೀಯೇನೇ' ಎಂದು ಚೀಟಿಯಮ್ಮ ದಿನಾ ಗದರುತ್ತಿದ್ದಳು. ಮೊನ್ನೆ ಬಚ್ಚಲಲ್ಲಿ ನಲ್ಲಿ ಸುರಿಯುವ ಸದ್ದು ಒಂದು ಗಂಟೆ ಕೇಳಿದಾಗ ನೀರು ಪೋಲಾಯಿತೆಂದು ಬಾಗಿಲು ಬಡಿದಿದ್ದಳು. ಮಗಳು ಕಣ್ಣು ಕೆಂಪು ಮಾಡಿಕೊಂಡು ಹೊರಬಂದರೆ, ಸೋಪು ಹೋಗಿರಬೇಕು ಅಂದುಕೊಂಡಿದ್ದಳು.

ಚೀಟಿಯಮ್ಮನ ಕೈ ತಾನಾಗಿ ಬಿಳಿ ಕಟ್ಟಿನ ಮೇಲೆ ಹೋಯಿತು. ದನಿ ತಗ್ಗಿತು. "ಸುಸ್ತು ಅಂತ ಬರೀತೀನಿ. ಜನರಲ್ ಡಾಕ್ಟ್ರು ಒಳ್ಳೆಯವರು."

"ಅವರ ಹತ್ರ ಹೋಗಿದ್ದೆ, ಅವರ ಮನೆ ಕ್ಲಿನಿಕ್‌ಗೆ. ಅವರೇ ಇಲ್ಲಿ ಹಳದಿ ವಿಭಾಗಕ್ಕೆ ತೋರಿಸು ಅಂದ್ರು. ಎರಡು ತಿಂಗಳಾಯ್ತು."

"ಮತ್ತೆ ಇಷ್ಟು ದಿನ ಯಾಕೆ..."

"ಕಿಟಕೀಲಿ ನೀನಿರ್ತೀಯಲ್ಲಮ್ಮ." ಮಗಳು ಗಾಜಿನ ರಂಧ್ರಕ್ಕೆ ಬಾಯಿಟ್ಟು ಮೆಲ್ಲಗೆ ಹೇಳಿದಳು. "ನೀನು ರಜೆ ಹಾಕೋ ದಿನ ಬರೋಣ ಅಂತ ಕಾದೆ. ನೀನು ರಜೇನೇ ಹಾಕಲ್ಲ."

ರಾತ್ರಿ ಊಟಕ್ಕೆ ಕೂತಾಗ ಹಳದಿ ಚೀಟಿಯವರ ಕತೆ ಹೇಳಿ ನಗಿಸುವುದು ಚೀಟಿಯಮ್ಮನ ಅಭ್ಯಾಸವಾಗಿತ್ತು. ಈಚೆಗೆ ತಾನೊಬ್ಬಳೇ ನಗುತ್ತಿದ್ದೆ ಎಂಬುದು ಅವಳಿಗೆ ಈಗ ನೆನಪಾಯಿತು.

ಹಳದಿ ಕಟ್ಟು ಎಳೆದುಕೊಂಡಳು. ಹೆಸರು ಕೇಳಬೇಕಾಗಿರಲಿಲ್ಲ, ಇಟ್ಟವಳೇ ಅವಳು. ಬರೆದಳು. ಬೆಳಿಗ್ಗೆ ಬಂದೊಡನೆ ಕೆಲಸ ಹಗುರಾಗಲೆಂದು ಒಂದಷ್ಟು ಚೀಟಿಗಳಿಗೆ ಮೊದಲೇ ಸೀಲು ಒತ್ತಿಡುವುದು ಹಳೆಯ ಗುಮಾಸ್ತರು ಕಲಿಸಿಕೊಟ್ಟ ಪದ್ಧತಿ. ಹಾಗೆ ಸೀಲು ಒತ್ತಿಟ್ಟಿದ್ದರಲ್ಲಿ ಹೊಲಿಗೆಯ ಹುಡುಗಿಯದೇ ಇವತ್ತಿನ ಕೊನೆಯ ಚೀಟಿ. ಇದು ಸೀಲಿಲ್ಲದ ಬರಿ ಚೀಟಿ. ಒತ್ತಲು ಸೀಲು ಎತ್ತಿದವಳು ಚೀಟಿಯ ಕೆಳಗಿನ ಸಾಲು ನೋಡಿ ಕೈ ತಡೆದಳು.

'ಜೊತೆಗೆ ಬಂದವರು, ಇದ್ದರೆ.'

ಹನ್ನೊಂದು ವರ್ಷ ಅವಳ ಸೀಲು ಸರಿಯಾಗಿ ಆ ಕೊನೆಯ ಪದದ ಮೇಲೆಯೇ ಬಿದ್ದು ಅದನ್ನು ಮುಚ್ಚಿಬಿಡುತ್ತಿತ್ತು.

"ಲೋ, ಗೇಟಿನ ತನಕ ಓಡು," ಜವಾನನಿಗೆ ಹೇಳಿದಳು. "ಕೊರಳಲ್ಲಿ ಟೇಪಿರೋ ಹುಡುಗಿ. ಕರ್ಕೊಂಡು ಬಾ, ಯಾರೂ ಬೇಡ, ಅವಳೊಬ್ಬಳೇ ಸಾಕು."

ಜವಾನ ಏದುಸಿರು ಬಿಡುತ್ತ ವಾಪಸು ಬಂದ. "ಬಸ್ ಸ್ಟಾಪಲ್ಲೂ ನೋಡ್ದೆ. ಇಲ್ಲ."

ಚೀಟಿಯಮ್ಮ ಮಗಳ ಚೀಟಿಯ ಖಾಲಿ ಮೂಲೆಗೆ ಸೀಲು ಒತ್ತಿದಳು. ದಾಖಲೆ ಕೋಣೆಯ ಗುಮಾಸ್ತನನ್ನು ಕರೆದು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ಹಳದಿ ಕೇಳಿದ್ರೆ ಕೊಡು. ಬೇರೇನೂ ಕೇಳಬೇಡ. ಮೆಲ್ಲಗೆ ಮಾತಾಡು." ಗುಂಡಿನಡಿಯ ಚೀಟಿಯನ್ನೂ ಕೈಗೆತ್ತಿಕೊಂಡು ಹೊರಗೆ ಬಂದಳು. ಹನ್ನೊಂದು ವರ್ಷ ಕೂತಿದ್ದ ಕಿಟಕಿ ಈ ಕಡೆಯಿಂದ ಇಷ್ಟು ಎತ್ತರವೆಂದು ಅವಳಿಗೆ ಗೊತ್ತಿರಲಿಲ್ಲ.

ಹಳದಿ ವಿಭಾಗದ ಬೆಂಚಿನಲ್ಲಿ ಮಗಳು ಅಮ್ಮನಿಗೂ ತನಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಚೀಟಿಯಮ್ಮ ಹತ್ತಿರ ಸರಿಯಲಿಲ್ಲ.

"ಬೈತೀಯಾ?" ಮಗಳು ಕೇಳಿದಳು.

"ಇಲ್ಲ ಪುಟ್ಟಿ."

ಬಾಗಿಲು ತೆರೆಯಿತು. "ಹಳದಿ ಒಂಬತ್ತು!" ನರ್ಸು ಕೂಗಿದಳು.

ಯಾರೂ ಏಳಲಿಲ್ಲ. ಚೀಟಿಯಮ್ಮ ಹೊರಬಾಗಿಲ ಕಡೆ ನೋಡಿದಳು.

"ಒಂಬತ್ತು ಯಾರು? ಒಂಬತ್ತು!"

ಅವಳ ಅಂಗೈಯಲ್ಲಿ ಹೊಲಿಗೆಯ ಹುಡುಗಿಯ ಚೀಟಿ ಬೆವರಿಗೆ ಮೆತ್ತಗಾಗಿತ್ತು.

"ಹತ್ತು!"

ಮಗಳು ಎದ್ದಳು. ಎರಡು ಹೆಜ್ಜೆ ಹೋಗಿ ನಿಂತು, ಹಿಂದೆ ತಿರುಗದೆ, ಕೈಯನ್ನಷ್ಟೇ ಸ್ವಲ್ಪ ಹಿಂದಕ್ಕೆ ಚಾಚಿದಳು.