ಹುಳ ತಿಂದ ಹಲಗೆ

ಚರ್ಚಿಗೆ, ಪಾದ್ರಿ ನಿಂತು ಉಪದೇಶ ಮಾಡುವ ಹೊಸ ಪ್ರಸಂಗಪೀಠ ಮಾಡುವ ಕೆಲಸ ಸಿಕ್ಕ ಮೇಲೆ ಬಡಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಲಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿದ. ಪ್ರಾರ್ಥನೆ ಮಾಡದೆ ಉಳಿ ಮುಟ್ಟುತ್ತಿರಲಿಲ್ಲ. "ಉಳಿಗೂ ದೀಕ್ಷಾಸ್ನಾನ ಮಾಡಿಸಿಬಿಡಿ" ಎಂದು ಹೆಂಡತಿ ನಕ್ಕರೆ, "ಇದು ದೇವರ ಕೆಲಸ ಕಣೇ" ಎಂದು ಗದರುತ್ತಿದ್ದ.

ಅದೇ ದಿನಗಳಲ್ಲಿ ಅವನ ದೊಡ್ಡಮ್ಮ ಹೇಳಿಕಳಿಸಿದಳು. ಅವಳು ಬಟ್ಟೆ ಹೊಲಿದು ಬದುಕುವವಳು; ಹೊಲಿಗೆ ಯಂತ್ರ ಮಹಡಿಯ ಮೇಲಿತ್ತು. ಅಲ್ಲಿಗೆ ಹತ್ತುವ ಮರದ ಮೆಟ್ಟಿಲೊಂದು ಸೀಳುಬಿಟ್ಟಿತ್ತು. ಬಡಗಿ ಒಲ್ಲದ ಮನಸ್ಸಿನಿಂದ ಹೋದ. ಕೈಗೆ ಸಿಕ್ಕ ಹಲಗೆಯ ಅಡಿಭಾಗವನ್ನು ಹುಳ ತಿಂದಿತ್ತು. ತೂತುಗಳಿಗೆ ಮೇಣ ಮೆತ್ತಿ, ಬಣ್ಣ ಬಳಿದು, ಮೊಳೆ ಹೊಡೆದು ಪೀಠದ ಕಡೆಗೆ ಓಡಿದ.

ಪೀಠದ ಪ್ರತಿಷ್ಠೆಯ ಭಾನುವಾರ ಪಾದ್ರಿ ಅವನನ್ನು ಎಲ್ಲರೆದುರು ನಿಲ್ಲಿಸಿ ಹೊಗಳಿದರು. ಚಪ್ಪಾಳೆ ನಿಲ್ಲುವ ಮುಂಚೆಯೇ, ದೊಡ್ಡಮ್ಮನನ್ನು ಕರೆತರಲು ಹೋಗಿದ್ದ ಹೆಂಡತಿ ಏದುಸಿರು ಬಿಡುತ್ತ ಬಂದಳು. ಮೆಟ್ಟಿಲು ಮುರಿದು ದೊಡ್ಡಮ್ಮ ಬಿದ್ದಿದ್ದಳು. ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ದೊಡ್ಡಮ್ಮ ಅವನ ಕೈ ಹಿಡಿದುಕೊಂಡಳು. "ನಂದೇ ತಪ್ಪು ಮಗಾ. ನಿನ್ನ ಪೀಠ ನೋಡೋ ಆತುರದಲ್ಲಿ ದಡದಡ ಇಳಿದೆ."

ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಹಿಡಿತ ಅವನಿಗೆ ಸಹಿಸಲಾಗಲಿಲ್ಲ.

"ಇಲ್ಲ ದೊಡ್ಡಮ್ಮ. ಹಲಗೆಗೆ ಹುಳ ಬಿದ್ದಿತ್ತು. ನೋಡಿಯೂ ಹಾಕಿದೆ."

"ಚರ್ಚಿಗೂ ಅದನ್ನೇ ಹಾಕಿದ್ಯಾ?"

"ಇಲ್ಲ."

ಅವಳು ಕೈ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು.

ಹೊರಗೆ ಪಾದ್ರಿ ಕೂತಿದ್ದರು. ಬಡಗಿ ಎಲ್ಲವನ್ನೂ ಹೇಳಿ, "ಆ ಪೀಠ ತೆಗೆಸಿಬಿಡಿ ಅಯ್ಯನವರೇ. ಅದರ ಮುಂದೆ ತಲೆ ಎತ್ತೋಕಾಗಲ್ಲ" ಎಂದ.

"ಪೀಠ ಏನು ಮಾಡಿತು? ದೇವರು ನಿನ್ನನ್ನ ಬಡಗಿ ಕೆಲಸಕ್ಕೆ ಕರೆದಾಗ ಆ ಮೆಟ್ಟಿಲನ್ನ ಬಿಟ್ಟು ಕರೆದನಾ?" ಎಂದವರು ತಾವೂ ತಲೆ ತಗ್ಗಿಸಿದರು. "ನಾನಾದ್ರೂ ಏನು, ಪೀಠ ಯಾವಾಗ ಮುಗಿಯುತ್ತೆ ಅಂತ ಬೆನ್ನು ಹತ್ತಿದ್ದೆ. ಬೇರೆ ಯಾರ ಕೆಲಸ ಕೈಲಿದೆ ಅಂತ ಕೇಳಲಿಲ್ಲ. ಹೋಗು, ಮೆಟ್ಟಿಲು ಮಾಡು."

"ಇವತ್ತು ಭಾನುವಾರ, ಕೆಲಸ ಮುಟ್ಟಬಾರದು..."

"ಗೊತ್ತು. ಹೋಗು."

ಅವನು ಹಳೆಯದನ್ನೆಲ್ಲ ಕಿತ್ತು ಇಡೀ ಮೆಟ್ಟಿಲ ಸಾಲನ್ನೇ ಹೊಸದಾಗಿ ಕಟ್ಟಿದ.

ಮೂಳೆ ಕೂಡಿದ ಮೇಲೆ ದೊಡ್ಡಮ್ಮ ಕೋಲು ಹಿಡಿದು ಮನೆಗೆ ಬಂದಳು. ಪ್ರತಿ ಮೆಟ್ಟಿಲನ್ನೂ ಕೋಲಿನಿಂದ ಒತ್ತಿ ನೋಡಿ, ಆಮೇಲೆ ಕಾಲಿಟ್ಟಳು. ಬಡಗಿ ಕೆಳಗೆ ನಿಂತು ತನ್ನ ಪಾದಗಳನ್ನೇ ನೋಡುತ್ತಿದ್ದ.

ಮೇಲಿನಿಂದ ಅವಳ ದನಿ ಬಂತು. "ಯಂತ್ರದ ಮೇಜು ಅಲ್ಲಾಡ್ತಿದೆ. ಬಂದು ನೋಡು."